ಡೇನಿಯಲ್ ಬೂನನ ಚರಿತ್ರೆಯೂ ಐತಿಹ್ಯವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಚರಿತ್ರೆಯನ್ನು ಓದುವವರಿಗೆ ಅಲ್ಲಿ ಎರಡು ಬಗೆಯ ಪ್ರಸಿದ್ಧ ಪುರುಷರು ಎದುರಾಗುವರು. ರಾಜ್ಯವನ್ನು ಕಟ್ಟಿದವರು, ಶಾಸನಗಳನ್ನು ಬರೆದವರು, ಸೇನೆಗಳನ್ನು ನಡೆಸಿದವರು ಒಂದು ಬಗೆ. ಅವರ ಕಾಗದಪತ್ರಗಳು ರಾಶಿಯಾಗಿ ಉಳಿದಿರುವುದರಿಂದ ಅವರ ವಿಷಯದಲ್ಲಿ ದಿಟವನ್ನು ಕಂಡುಕೊಳ್ಳುವುದು ಅಷ್ಟು ಪ್ರಯಾಸದ ಕೆಲಸವಲ್ಲ. ಎರಡನೆಯ ಬಗೆಯವರು ನಾಡಿನ ಅಂಚಿನಲ್ಲಿ, ಕಾಡು ಮೊದಲಾಗುವ ಕಡೆ, ಕೋವಿಯನ್ನೂ ಕೊಡಲಿಯನ್ನೂ ನಂಬಿ ಬದುಕಿದವರು. ಇವರು ತಾವಾಗಿ ಬರೆದುದು ಅತ್ಯಲ್ಪ. ಇವರನ್ನು ಕುರಿತು ಇತರರು ಬರೆದುದು ಬಹಳ. ಈ ಎರಡನೆಯ ಬಗೆಯವರಲ್ಲಿ ಮೊಟ್ಟಮೊದಲು ಲೋಕಪ್ರಸಿದ್ಧನಾದವನು ಡೇನಿಯಲ್ ಬೂನ್.

ಚರಿತ್ರೆಯ ಪಾಠವನ್ನು ಹೇಳುವಾಗ ಹುಡುಗಿಯರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದುಂಟು: “ಅಮ್ಮಾ, ಇದು ನಿಜವಾಗಿ ನಡೆಯಿತೇ?” ಈ ಪ್ರಶ್ನೆಯನ್ನು ಗದರಿಸಿ ಕೂರಿಸತಕ್ಕದ್ದಲ್ಲ. ಇದಕ್ಕೆ ಉತ್ತರ ಹುಡುಕುವ ಕೆಲಸವೇ ಚರಿತ್ರೆ. ಬೂನನ ಜೀವನವು ಈ ಕೆಲಸಕ್ಕೆ ಬಹಳ ಒಳ್ಳೆಯ ಅಭ್ಯಾಸ. ಏಕೆಂದರೆ ಇವನ ಸುತ್ತ ಬೆಳೆದ ಕಥೆಗಳಲ್ಲಿ ಕೆಲವು ಸುಳ್ಳು, ಕೆಲವು ಅರ್ಧ ನಿಜ, ಮತ್ತೆ ಕೆಲವು ನಂಬಲು ಕಷ್ಟವೆಂದು ತೋರಿದರೂ ಪೂರ್ಣವಾಗಿ ನಿಜ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿ ಮಕ್ಕಳಿಗೆ ಕಥೆ ಹೇಳುವವರಾಗಿರುವುದರಿಂದ, ಅವರು ಈ ಪಾಠವನ್ನು ಮತ್ತೊಮ್ಮೆ ನಮ್ಮೊಡನೆ ಓದುವುದರಲ್ಲಿ ಬೇಸರಪಡಲಾರರೆಂದು ನಂಬಿದ್ದೇವೆ.

ಬೂನನು 1734ನೆಯ ಇಸವಿ ನವೆಂಬರ್ 2ರಂದು ಪೆನ್ಸಿಲ್ವೇನಿಯ ಪ್ರಾಂತ್ಯದ ರೆಡಿಂಗ್ ಪಟ್ಟಣದ ಸಮೀಪದಲ್ಲಿ ಹುಟ್ಟಿದನು. ಆಗ ಅಮೆರಿಕವು ಇಂಗ್ಲೆಂಡಿನ ದೊರೆಗೆ ಅಧೀನವಾಗಿದ್ದಿತು. ಇವನ ತಂದೆ ಸ್ಕ್ವಯರ್ ಬೂನನು ಇಂಗ್ಲೆಂಡಿನ ಡೆವನ್ ಸೀಮೆಯಿಂದ ಬಂದವನು. ತಾಯಿ ಸಾರಾ ಮಾರ್ಗನಳು. ಇಬ್ಬರೂ ಕ್ವೇಕರ್ ಪಂಗಡದವರು. ಯುದ್ಧವನ್ನೂ ಆಣೆಯಿಡುವುದನ್ನೂ ಒಪ್ಪದ, ಮೌನವಾಗಿ ಕುಳಿತು ದೇವರನ್ನು ಆರಾಧಿಸುವ ಪಂಗಡವಿದು. ಇಂಥ ಮನೆಯಲ್ಲಿ ಹುಟ್ಟಿದವನು ಮುಂದೆ ಕೋವಿಯಿಂದಲೇ ಹೆಸರು ಪಡೆದನೆಂಬುದು ಸೋಜಿಗವಾದರೂ ಸತ್ಯ. ಹನ್ನೊಂದು ಮಂದಿ ಮಕ್ಕಳಲ್ಲಿ ಇವನು ಆರನೆಯವನು. ಹಿರಿಯ ಮಕ್ಕಳಿಬ್ಬರು ಪಂಗಡದ ಹೊರಗೆ ಮದುವೆಯಾದುದರಿಂದ ತಂದೆಗೂ ಸಭೆಯವರಿಗೂ ಮನಸ್ತಾಪ ಬೆಳೆಯಿತು. ಕಡೆಗೆ 1750ರಲ್ಲಿ ಮನೆಮಂದಿಯೆಲ್ಲರೂ ದಕ್ಷಿಣಕ್ಕೆ ಹೊರಟು ನಾರ್ತ್ ಕ್ಯಾರೊಲೈನದ ಯಾಡ್ಕಿನ್ ನದಿಯ ಕಣಿವೆಯಲ್ಲಿ ನೆಲೆಸಿದರು.

ಡೇನಿಯಲನ ವಿದ್ಯಾಭ್ಯಾಸದ ವಿಷಯವಾಗಿ ಅವನ ಮನೆತನದಲ್ಲಿ ಒಂದು ಮಾತು ನಡೆದುಬಂದಿದೆ. ಹುಡುಗನ ಕಾಗುಣಿತ ಕೆಟ್ಟದೆಂದು ಯಾರೋ ದೂರಿದಾಗ ಅವನ ತಂದೆ, ಕಾಗುಣಿತದ ಕೆಲಸವನ್ನು ಹೆಣ್ಣುಮಕ್ಕಳು ನೋಡಿಕೊಳ್ಳಲಿ, ಗುಂಡು ಹೊಡೆಯುವುದನ್ನು ನಮ್ಮ ಡಾನ್ ನೋಡಿಕೊಳ್ಳುವನು ಎಂದನಂತೆ. ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಈ ಮಾತಿನ ಮೊದಲ ಅರ್ಧವು ಬಹಳ ಹಿಡಿಸುತ್ತದೆ. ಹಾಸ್ಯವಿರಲಿ, ಅದರಲ್ಲಿ ಒಂದು ನಿಜವೂ ಅಡಗಿದೆ. ಬೂನನು ಶಾಲೆಗೆ ಹೋಗಲಿಲ್ಲವೆಂದರೂ ನಡೆದೀತು. ಅವನಿಗೆ ಅಕ್ಷರ ಕಲಿಸಿದವಳು ಅವನ ಅಣ್ಣ ಸ್ಯಾಮ್ಯುಯಲನ ಹೆಂಡತಿ ಸಾರಾ ಡೇ ಎಂಬ ತರುಣಿ. ಅವಳು ಕಲಿಸಿದಷ್ಟರಲ್ಲಿಯೇ ಅವನು ಕಾಗದ ಬರೆದನು, ಭೂಮಿಯನ್ನು ಅಳೆದು ಲೆಕ್ಕವಿಟ್ಟನು, ಪುಸ್ತಕಗಳನ್ನು ಓದಿದನು. ಅವನ ಕಾಗುಣಿತ ಮಾತ್ರ ಕಡೆಯವರೆಗೂ ಮನಬಂದಂತೆ ನಡೆಯಿತು. ಈ ಸಾರಾಳ ಹೆಸರು ಮುಂದೆ ಇನ್ನೊಮ್ಮೆ ಬರುವುದು, ಓದುವವರು ನೆನಪಿನಲ್ಲಿಡಬೇಕು.

1755ರಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ಯುದ್ಧದಲ್ಲಿ ಬೂನನು ಜನರಲ್ ಬ್ರಾಡಕನ ಸೈನ್ಯಕ್ಕೆ ಬಂಡಿ ಹೊಡೆಯುವವನಾಗಿ ಹೋದನು. ಆ ಸೈನ್ಯ ಸೋತು ಚದರಿತು. ಆದರೆ ಅಲ್ಲಿ ಜಾನ್ ಫಿನ್ಲಿ ಎಂಬವನು ಬೆಟ್ಟಗಳ ಆಚೆಗಿರುವ ಕೆಂಟಕಿ ಎಂಬ ನಾಡಿನ ವರ್ಣನೆಯನ್ನು ಇವನ ಕಿವಿಯಲ್ಲಿ ಹಾಕಿದನು: ಹುಲ್ಲುಗಾವಲು, ಕಾಡೆಮ್ಮೆಗಳ ಮಂದೆ, ಲೆಕ್ಕವಿಲ್ಲದ ಜಿಂಕೆ. ಅದು ಇವನ ಮನಸ್ಸಿನಲ್ಲಿ ಹಾಲೂ ಜೇನೂ ಹರಿಯುವ ದೇಶವಾಗಿ ನಿಂತುಬಿಟ್ಟಿತು.

ಮರುವರ್ಷ ಆಗಸ್ಟ್ 14ರಂದು ರೆಬೆಕ್ಕ ಬ್ರಯನ್ ಎಂಬ ಹದಿನೇಳು ವರ್ಷದ ಹುಡುಗಿಯೊಡನೆ ಅವನಿಗೆ ಮದುವೆಯಾಯಿತು. ಇಲ್ಲಿಯೇ ಮೊದಲನೆಯ ಕಟ್ಟುಕಥೆ ಎದುರಾಗುವುದು. ಬೂನನು ಇರುಳಿನಲ್ಲಿ ಪಂಜು ಹಿಡಿದು ಬೇಟೆಯಾಡುತ್ತಿರುವಾಗ ಎರಡು ಕಣ್ಣುಗಳು ಹೊಳೆದುವಂತೆ, ಜಿಂಕೆಯೆಂದು ಗುರಿಯಿಟ್ಟನಂತೆ, ಏಕೋ ಕೈ ತಡೆಯಿತಂತೆ, ನೋಡಿದರೆ ಅವಳು ರೆಬೆಕ್ಕಳಂತೆ! ಕೇಳಲು ಸೊಗಸಾಗಿದೆ. ಆದರೆ ಬೂನನ ಮಕ್ಕಳೇ ಇದು ಸುಳ್ಳೆಂದು ಹೇಳಿಬಿಟ್ಟಿದ್ದಾರೆ. ಹೆಣ್ಣನ್ನು ಬೇಟೆಯ ಮೃಗಕ್ಕೆ ಹೋಲಿಸಿ ಕಥೆ ಕಟ್ಟುವ ಅಭ್ಯಾಸ ಬಹಳ ಹಳೆಯದು. ಕಥೆಗಾರರಿಗೆ ಅದು ಸುಲಭವಾಗಿ ಒದಗುತ್ತದೆ.

1769ನೆಯ ಮೇ ತಿಂಗಳಿನಲ್ಲಿ ಬೂನನು ಫಿನ್ಲಿಯನ್ನೂ ಇನ್ನೂ ನಾಲ್ವರನ್ನೂ ಕೂಡಿಕೊಂಡು ಬೆಟ್ಟಗಳನ್ನು ದಾಟಿ ಕೆಂಟಕಿಗೆ ಹೋದನು. ತಿರುಗಿ ಬಂದುದು 1771ರಲ್ಲಿ. ಎರಡು ವರ್ಷದ ಬೇಟೆ! ಜಿಂಕೆಯ ತೊಗಲು ಆ ಕಾಲದ ದೊಡ್ಡ ವ್ಯಾಪಾರವಾಗಿದ್ದಿತು. ಆದರೆ ಶೇಖರಿಸಿದ ತೊಗಲನ್ನು ಶಾನೀ ಜನರು ಬಂದು ಕಸಿದುಕೊಂಡರು. ಇದು ನಮ್ಮ ಬೇಟೆಯ ನೆಲ, ನಮ್ಮ ಮೃಗಗಳನ್ನು ನೀವು ಕೊಲ್ಲುತ್ತಿದ್ದೀರಿ, ಇನ್ನು ಬರಬೇಡಿರಿ ಎಂದು ಎಚ್ಚರಿಸಿ ಬಿಟ್ಟರು. ಬೂನನ ಭಾವಮೈದುನ ಜಾನ್ ಸ್ಟೂವರ್ಟನು ಕಾಡಿನಲ್ಲಿ ಕಾಣೆಯಾದನು. ಕೆಲವು ತಿಂಗಳು ಬೂನನು ಒಬ್ಬನೇ ಇದ್ದನು. ಈ ಪ್ರಯಾಣದ ಒಂದು ಸಂಗತಿ ನಮಗೆ ಬಹಳ ಪ್ರಿಯವಾದುದು. ಬೇಟೆಗಾರರ ಬಿಡಾರದಲ್ಲಿ ‘ಗಲಿವರನ ಪ್ರಯಾಣಗಳು’ ಎಂಬ ಪುಸ್ತಕವಿದ್ದಿತು. ರಾತ್ರಿ ಬೆಂಕಿಯ ಬೆಳಕಿನಲ್ಲಿ ಅದನ್ನು ಓದಿಕೊಳ್ಳುತ್ತಿದ್ದರು. ಆ ಪುಸ್ತಕದಲ್ಲಿ ದೈತ್ಯರ ನಾಡಿನ ರಾಜಧಾನಿಯ ಹೆಸರು ಲೋರ್ಬ್ರುಲ್‌ಗ್ರುಡ್. ಬಿಡಾರದ ಹತ್ತಿರದ ಹಳ್ಳಕ್ಕೆ ಅವರು ಇದೇ ಹೆಸರನ್ನು ತಮ್ಮ ನಾಲಿಗೆಗೆ ಬಂದಂತೆ ‘ಲುಲ್ಬೆಗ್ರುಡ್’ ಎಂದು ಇಟ್ಟರು. ಕೆಂಟಕಿಯ ಭೂಪಟದಲ್ಲಿ ಇಂದಿಗೂ ಆ ಹಳ್ಳಕ್ಕೆ ಅದೇ ಹೆಸರು. ಅನಕ್ಷರಸ್ಥ ಕಾಡಾಡಿಯೆಂದು ಬೂನನನ್ನು ಚಿತ್ರಿಸುವ ಕಥೆಗಾರರು ಈ ಹಳ್ಳವನ್ನು ದಾಟದೆ ಹೋಗಿರಬೇಕು.

ಇಲ್ಲಿ ಸ್ವಲ್ಪ ನಿಂತು, ಆ ಕೆಂಟಕಿ ಯಾರದು ಎಂಬುದನ್ನು ವಿಚಾರಿಸಬೇಕಾಗಿದೆ. ಹಿಂದಿನ ಪಾಠಪುಸ್ತಕಗಳು ಅದನ್ನು ‘ಬರಿದಾದ ಕಾಡು’ ಎಂದು ಹೇಳಿ ಮುಂದೆ ಸಾಗುತ್ತಿದ್ದುವು. ಅಲ್ಲಿದ್ದವರನ್ನು ‘ಕೆಂಪು ಇಂಡಿಯನ್ನರು’ ಎಂಬ ಒಂದೇ ಹೆಸರಿನಿಂದ ಕರೆದು ಕೈತೊಳೆದುಕೊಳ್ಳುತ್ತಿದ್ದುವು. ಅವರು ಒಂದು ಜನವಲ್ಲ. ಶಾನೀ, ಚೆರೊಕೀ, ಡೆಲವೇರ್, ಇರೊಕ್ವಾ ಎಂದು ಬೇರೆ ಬೇರೆ ಭಾಷೆ, ಬೇರೆ ಬೇರೆ ಆಳಿಕೆಯ ಜನರು. 1763ರಲ್ಲಿ ಇಂಗ್ಲೆಂಡಿನ ದೊರೆಯೇ ಬೆಟ್ಟಗಳ ಪಶ್ಚಿಮಕ್ಕೆ ಬಿಳಿಯರು ನೆಲೆಸಕೂಡದೆಂದು ಆಜ್ಞೆ ಹೊರಡಿಸಿದ್ದನು. 1768ರಲ್ಲಿ ಇರೊಕ್ವಾ ಜನರು ಕೆಂಟಕಿಯ ಮೇಲಿನ ತಮ್ಮ ಹಕ್ಕನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಆದರೆ ಅಲ್ಲಿ ನಿಜವಾಗಿ ಬೇಟೆಯಾಡುತ್ತಿದ್ದ ಶಾನೀ ಜನರನ್ನು ಯಾರೂ ಕೇಳಲಿಲ್ಲ. ಕಡೆಗೆ 1775ನೆಯ ಮಾರ್ಚಿಯಲ್ಲಿ ರಿಚರ್ಡ್ ಹೆಂಡರ್ಸನ್ ಎಂಬ ವ್ಯಾಪಾರಿ ನ್ಯಾಯಾಧೀಶನು ಸಿಕಮೋರ್ ಶೋಲ್ಸ್ ಎಂಬಲ್ಲಿ ಚೆರೊಕೀ ಮುಖಂಡರಿಗೆ ಸರಕುಗಳನ್ನು ಕೊಟ್ಟು ಸುಮಾರು ಎರಡು ಕೋಟಿ ಎಕರೆಯನ್ನು ‘ಕೊಂಡನು’. ಡ್ರ್ಯಾಗಿಂಗ್ ಕನೂ ಎಂಬ ತರುಣ ಮುಖಂಡನು ಇದನ್ನು ಒಪ್ಪದೆ ಸಭೆಯಲ್ಲಿ ಬಲವಾಗಿ ವಿರೋಧಿಸಿದನು. ಮಾರಿದವರಿಗೆ ಪೂರ್ಣ ಹಕ್ಕಿಲ್ಲ, ಕೊಂಡವನಿಗೆ ಅಪ್ಪಣೆಯಿಲ್ಲ, ಇಂಥ ಕ್ರಯದ ಮೇಲೆ ಬೂನನ ಕೀರ್ತಿಯ ಮನೆ ಕಟ್ಟಿದೆ. ನಾಬೋತನ ದ್ರಾಕ್ಷೆತೋಟದ ಸಂಗತಿಯನ್ನು ಬಾಲ್ಯದಿಂದ ಕೇಳಿದ ನಮ್ಮ ಹುಡುಗಿಯರು ಈ ಪಾಠದಲ್ಲಿ ಅದನ್ನು ನೆನೆಸಿಕೊಳ್ಳುವುದು ಸಹಜವೇ ಆಗಿದೆ.

ಇದಕ್ಕೆ ಮುಂಚೆಯೇ, 1773ರಲ್ಲಿ, ಬೂನನು ತನ್ನ ಮನೆಮಂದಿಯನ್ನೂ ಇತರ ಕುಟುಂಬಗಳನ್ನೂ ಕೂಡಿಸಿಕೊಂಡು ಕೆಂಟಕಿಗೆ ಹೊರಟಿದ್ದನು. ಅಕ್ಟೋಬರ್ 10ರಂದು ಹಿಂದಿನಿಂದ ಬರುತ್ತಿದ್ದ ಗುಂಪಿನ ಮೇಲೆ ದಾಳಿಯಾಯಿತು. ಬೂನನ ಹಿರಿಯ ಮಗ, ಹದಿನಾರು ವರ್ಷದ ಜೇಮ್ಸ್, ಚಿತ್ರಹಿಂಸೆಗೆ ಗುರಿಯಾಗಿ ಸತ್ತನು. ಅವನು ಸತ್ತ ಬಗೆ ಲೋಕಕ್ಕೆ ತಿಳಿದುದು ಆಡಮ್ ಎಂಬ ಗುಲಾಮನಿಂದ. ಅವನು ಹೊಳೆಯ ದಡದ ಕಟ್ಟಿಗೆಯ ರಾಶಿಯಲ್ಲಿ ಅಡಗಿದ್ದು ಎಲ್ಲವನ್ನೂ ಕಂಡನು. ಮಗನ ದೇಹವನ್ನು ಸುತ್ತಿ ಹೂಳುವುದಕ್ಕಾಗಿ ರೆಬೆಕ್ಕಳು ತನ್ನ ಪೆಟ್ಟಿಗೆಯಿಂದ ನಾರುಮಡಿಯ ಹೊದಿಕೆಯನ್ನು ತೆಗೆದುಕೊಟ್ಟಳೆಂದು ಹೇಳುತ್ತಾರೆ. ಗುಂಪು ಹಿಂದಿರುಗಿತು.

ಎರಡು ವರ್ಷಗಳ ಮೇಲೆ ಹೆಂಡರ್ಸನನು ಬೂನನನ್ನು ಕೆಲಸಕ್ಕೆ ಕರೆದನು. ಸುಮಾರು ಮೂವತ್ತು ಮಂದಿ ಕೊಡಲಿಯವರೊಡನೆ ಬೂನನು ಕಂಬರ್ಲೆಂಡ್ ಕಣಿವೆಬಾಯಿಯ ಮೂಲಕ ಕೆಂಟಕಿ ನದಿಯವರೆಗೆ ದಾರಿ ಕಡಿದನು. ಇದೇ ಮುಂದೆ ‘ವೈಲ್ಡರ್‌ನೆಸ್ ರಸ್ತೆ’ ಎಂದು ಹೆಸರಾಗಿ, ಲಕ್ಷಗಟ್ಟಲೆ ಜನರನ್ನು ಪಶ್ಚಿಮಕ್ಕೆ ಒಯ್ದಿತು. ರಸ್ತೆಯೆಂದರೆ ಬಂಡಿ ಹೋಗುವ ದಾರಿಯಲ್ಲ. ಕುದುರೆಯೊಂದು ನುಸುಳಬಹುದಾದ ಜಾಡು. ಅದರಲ್ಲಿಯೂ ಬಹುಭಾಗ ಕಾಡೆಮ್ಮೆಗಳೂ ಮೂಲನಿವಾಸಿಗಳೂ ಮೊದಲೇ ತುಳಿದಿದ್ದ ಹಾದಿ. ಕೆಂಟಕಿಯನ್ನು ಬೂನನು ‘ಕಂಡುಹಿಡಿದನು’ ಎಂಬ ಮಾತನ್ನು ನಮ್ಮ ಉತ್ತರಪತ್ರಿಕೆಗಳಲ್ಲಿ ನಾವು ತಪ್ಪೆಂದೇ ಗುರುತಿಸುತ್ತೇವೆ. ನದಿಯ ದಡದಲ್ಲಿ ಕಟ್ಟಿದ ಕೋಟೆಗೆ ಬೂನ್ಸ್‌ಬರೊ ಎಂದು ಹೆಸರಾಯಿತು. ಆ ಶರತ್ಕಾಲದಲ್ಲಿ ರೆಬೆಕ್ಕಳೂ ಮಕ್ಕಳೂ ಅಲ್ಲಿಗೆ ಬಂದರು.

ಈಗ ನಮ್ಮ ಹುಡುಗಿಯರು ಉಸಿರು ಬಿಗಿಹಿಡಿದು ಕೇಳುವ ಭಾಗ. 1776ನೆಯ ಜುಲೈ 14, ಭಾನುವಾರ. ಹತ್ತು ದಿನಗಳ ಹಿಂದೆ ಫಿಲಡೆಲ್ಫಿಯದಲ್ಲಿ ಸ್ವಾತಂತ್ರ್ಯದ ಘೋಷಣೆಯಾಗಿದ್ದಿತು. ಆ ಸುದ್ದಿ ಇನ್ನೂ ಈ ಕಾಡಿಗೆ ತಲುಪಿರಲಿಲ್ಲ. ಬೂನನ ಮಗಳು ಜೆಮೈಮಳಿಗೆ ಆಗ ಹದಿಮೂರು ವರ್ಷ. (ನಮ್ಮ ಸತ್ಯವೇದದಲ್ಲಿ ಯೆಮೀಮಳೆಂದು ಬರುವ ಯೋಬನ ಮಗಳ ಹೆಸರೇ ಇದು.) ಕರ್ನಲ್ ಕ್ಯಾಲವೇ ಎಂಬವನ ಮಕ್ಕಳಾದ ಬೆಟ್ಸಿ, ಫ್ಯಾನಿ ಎಂಬಿಬ್ಬರೊಡನೆ ಅವಳು ದೋಣಿಯಲ್ಲಿ ಕುಳಿತು ನದಿಗೆ ಹೋದಳು. ಅವಳ ಕಾಲಿಗೆ ಗಾಯವಾಗಿದ್ದಿತು; ನೀರಿನಲ್ಲಿ ಕಾಲಿಟ್ಟುಕೊಂಡರೆ ಹಾಯೆನಿಸೀತೆಂದು ಹೋದುದು. ನೀರಿನ ಸೆಳೆತಕ್ಕೆ ದೋಣಿ ಆಚೆಯ ದಡದ ಕಡೆಗೆ ಸರಿಯಿತು. ಅಲ್ಲಿ ಬಿದಿರಿನಂಥ ಜೊಂಡಿನ ಮರೆಯಲ್ಲಿದ್ದ ಐವರು ಚೆರೊಕೀ, ಶಾನೀ ಯೋಧರು ದೋಣಿಯನ್ನು ಹಿಡಿದು ಎಳೆದುಕೊಂಡರು.

ಹುಡುಗಿಯರು ಅತ್ತು ಕೂಗಿದರು. ಆದರೆ ಅಳುತ್ತಲೇ ಕುಳಿತುಬಿಡಲಿಲ್ಲ. ನಡೆಯುವ ದಾರಿಯಲ್ಲೆಲ್ಲಾ ಚಿಕ್ಕ ಕೊಂಬೆಗಳನ್ನು ಮುರಿದರು, ಹಿಮ್ಮಡಿಯನ್ನು ಕೆಸರಿನಲ್ಲಿ ಒತ್ತಿದರು, ಬಟ್ಟೆಯ ಚೂರುಗಳನ್ನು ಹರಿದು ಉದುರಿಸಿದರು. ಬೆದರಿಸಿದರೆ ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರು. ಜೆಮೈಮಳು ಕಾಲುನೋವಿನ ನೆಪದಿಂದ ಆದಷ್ಟು ತಡಮಾಡಿದಳು. ಇತ್ತ ಕೋಟೆಯಿಂದ ಬೂನನೂ ಇತರರೂ ಹೊರಟರು. ಬೆಟ್ಸಿಯನ್ನು ಮದುವೆಯಾಗಬೇಕಾಗಿದ್ದ ಸ್ಯಾಮ್ಯುಯಲ್ ಹೆಂಡರ್ಸನನು ಕ್ಷೌರ ಮಾಡಿಕೊಳ್ಳುತ್ತಿದ್ದವನು ಅರ್ಧ ಮುಖದಲ್ಲಿಯೇ ಓಡಿದನೆಂದು ಹೇಳುವರು. ಬೂನನು ಹೆಜ್ಜೆಗುರುತಿನ ಹಿಂದೆಯೇ ತಡವರಿಸದೆ, ಅವರು ಹೋಗುವ ದಿಕ್ಕನ್ನು ಊಹಿಸಿ ಅಡ್ಡದಾರಿ ಹಿಡಿದನು. ಮೂರನೆಯ ದಿನ ಬೆಳಿಗ್ಗೆ, ಬ್ಲೂ ಲಿಕ್ಸಿನ ಸಮೀಪದಲ್ಲಿ ಯೋಧರು ಊಟಕ್ಕೆ ಬೆಂಕಿ ಮಾಡಿಕೊಂಡಿರುವಾಗ ಇವರು ಮೇಲೆ ಬಿದ್ದು ಮೂವರನ್ನೂ ಬಿಡಿಸಿಕೊಂಡರು. ಮೂರು ವಾರಗಳಲ್ಲಿ ಬೆಟ್ಸಿಯ ಮದುವೆಯೂ ಆಯಿತು.

ಈ ಸಂಗತಿಯನ್ನು ಮುಂದೆ ಬರೆದವರೂ ಚಿತ್ರಿಸಿದವರೂ ಹುಡುಗಿಯರನ್ನು ನಡುಗುವ ಬೊಂಬೆಗಳನ್ನಾಗಿಯೂ ಯೋಧರನ್ನು ಪಿಶಾಚಿಗಳನ್ನಾಗಿಯೂ ಮಾಡಿದರು. ಫೆನಿಮೋರ್ ಕೂಪರನು 1826ರಲ್ಲಿ ಪ್ರಕಟಿಸಿದ ‘ಮೋಹಿಕನರಲ್ಲಿ ಕಡೆಯವನು’ ಎಂಬ ಪ್ರಸಿದ್ಧ ಕಾದಂಬರಿಗೆ ಇದೇ ಘಟನೆ ಒಂದು ಆಧಾರ. ಆದರೆ ಜೆಮೈಮಳು ಮುದುಕಿಯಾದ ಮೇಲೆ ಹೇಳಿದ ಮಾತೇ ಬೇರೆ: ಹಿಡಿದುಕೊಂಡು ಹೋದವರು ತಮ್ಮನ್ನು ಆದಷ್ಟು ದಯೆಯಿಂದಲೇ ನೋಡಿಕೊಂಡರೆಂದು ಅವಳು ಹೇಳುತ್ತಿದ್ದಳು. ಅನುಭವಿಸಿದವಳ ಸಾಕ್ಷ್ಯಕ್ಕಿಂತ ಅನುಭವಿಸದವರ ವರ್ಣನೆಗೆ ಲೋಕವು ಹೆಚ್ಚು ಬೆಲೆ ಕೊಟ್ಟಿತು.

1778ರ ಫೆಬ್ರವರಿಯಲ್ಲಿ ಬೂನನ ಜೀವಮಾನದ ಅತ್ಯಂತ ಸಂದಿಗ್ಧವಾದ ಪ್ರಕರಣ ನಡೆಯಿತು. ಆಗ ಅಮೆರಿಕದವರಿಗೂ ಇಂಗ್ಲೆಂಡಿಗೂ ಯುದ್ಧ; ಶಾನೀ ಜನರು ಇಂಗ್ಲಿಷರ ಕಡೆ. ಮಾಂಸವನ್ನು ಕೆಡದಂತೆ ಇಡುವುದಕ್ಕೆ ಉಪ್ಪಿಲ್ಲದೆ, ಸುಮಾರು ಮೂವತ್ತು ಮಂದಿ ಬ್ಲೂ ಲಿಕ್ಸಿನ ಉಪ್ಪುನೀರಿನ ಬುಗ್ಗೆಯ ಬಳಿ ಕೊಪ್ಪರಿಗೆಗಳಲ್ಲಿ ನೀರು ಕುದಿಸುತ್ತಿದ್ದರು. ಬೇಟೆಗೆಂದು ಒಂಟಿಯಾಗಿ ಹೋಗಿದ್ದ ಬೂನನು ಶಾನೀ ದಂಡಿನ ಕೈಗೆ ಸಿಕ್ಕಿದನು. ದಂಡು ನೂರಕ್ಕೂ ಮೀರಿದ್ದಿತು. ಅದು ಹೋಗುತ್ತಿದ್ದುದು ಬೂನ್ಸ್‌ಬರೊ ಕೋಟೆಯ ಮೇಲೆ. ಕೋಟೆಯ ಒಂದು ಗೋಡೆ ಇನ್ನೂ ಮುಗಿದಿರಲಿಲ್ಲ. ಒಳಗೆ ಹೆಂಗಸರು, ಮಕ್ಕಳು. ಬೂನನು ಶಾನೀ ಮುಖಂಡ ಬ್ಲ್ಯಾಕ್‌ಫಿಶನಿಗೆ, ಉಪ್ಪು ಕಾಯಿಸುವವರನ್ನು ಹೋರಾಟವಿಲ್ಲದೆ ಒಪ್ಪಿಸುವೆನು, ಕೋಟೆಯನ್ನು ಬೇಸಗೆಯವರೆಗೆ ಬಿಟ್ಟುಬಿಡಿರಿ ಎಂದು ಹೇಳಿ, ತನ್ನವರನ್ನು ತಾನೇ ಶರಣಾಗಿಸಿದನು. ಸೆರೆಯವರನ್ನು ಕೊಲ್ಲಬೇಕೇ ಬೇಡವೇ ಎಂದು ಶಾನೀ ಸಭೆ ಮತ ತೆಗೆದುಕೊಂಡಿತು. ಎರಡೇ ಮತಗಳ ಹೆಚ್ಚಳದಿಂದ ಪ್ರಾಣ ಉಳಿಯಿತೆಂದು ಜೊತೆಗಿದ್ದವನೊಬ್ಬನು ಹೇಳಿದ್ದಾನೆ.

ಬ್ಲ್ಯಾಕ್‌ಫಿಶನು ಬೂನನನ್ನು ತನ್ನ ಮಗನನ್ನಾಗಿ ದತ್ತು ತೆಗೆದುಕೊಂಡು ‘ಶೆಲ್ಟೋವಿ’, ಅಂದರೆ ‘ದೊಡ್ಡ ಆಮೆ’, ಎಂದು ಹೆಸರಿಟ್ಟನು. ಡಿಟ್ರಾಯಿಟಿನ ಇಂಗ್ಲಿಷ್ ಅಧಿಕಾರಿ ಹ್ಯಾಮಿಲ್ಟನನು ನೂರು ಪೌಂಡು ಕೊಡುತ್ತೇನೆಂದರೂ ಆ ಮುದುಕನು ಈ ಮಗನನ್ನು ಮಾರಲಿಲ್ಲ. ಜೂನ್ ತಿಂಗಳಿನಲ್ಲಿ ದಂಡು ಕೂಡುವುದನ್ನು ಕಂಡು ಬೂನನು ತಪ್ಪಿಸಿಕೊಂಡು, ಸುಮಾರು 160 ಮೈಲಿಯ ದಾರಿಯನ್ನು ನಾಲ್ಕು ದಿನಗಳಲ್ಲಿ ಕ್ರಮಿಸಿ ಕೋಟೆಗೆ ಬಂದನು. ಬಂದರೆ ಮನೆ ಬರಿದು! ಗಂಡನು ಸತ್ತನೆಂದೇ ತಿಳಿದು ರೆಬೆಕ್ಕಳು ಮಕ್ಕಳೊಡನೆ ನಾರ್ತ್ ಕ್ಯಾರೊಲೈನಕ್ಕೆ ತೆರಳಿದ್ದಳು. ಹೊಸದಾಗಿ ಮದುವೆಯಾಗಿದ್ದ ಜೆಮೈಮಳೊಬ್ಬಳು ತಂದೆ ಬರುವನೆಂದು ಕಾದು ಉಳಿದಿದ್ದಳು.

ಸೆಪ್ಟೆಂಬರಿನಲ್ಲಿ ಬ್ಲ್ಯಾಕ್‌ಫಿಶನು ನಾನೂರಕ್ಕೂ ಹೆಚ್ಚು ಜನರೊಡನೆ ಬಂದು ಮುತ್ತಿಗೆ ಹಾಕಿದನು. ಒಳಗೆ ಗಂಡಸರು ಸುಮಾರು ನಲವತ್ತು, ಸಂಖ್ಯೆ ಹೆಚ್ಚಾಗಿ ತೋರಲೆಂದು ಹೆಂಗಸರು ಗಂಡುಡುಗೆ ತೊಟ್ಟು ಗೋಡೆಯ ಬಳಿ ನಡೆದಾಡಿದರು, ಗುಂಡುಗಳನ್ನು ಎರಕಹೊಯ್ದರು. ಬಾಗಿಲಲ್ಲಿ ನಿಂತ ಜೆಮೈಮಳಿಗೆ ವೇಗ ಕುಂದಿದ ಗುಂಡೊಂದು ತಗುಲಿತು, ಪ್ರಾಣಕ್ಕೆ ಅಪಾಯವಾಗಲಿಲ್ಲ. ಮುತ್ತಿದವರು ನದಿಯ ದಡದಿಂದ ಸುರಂಗ ತೋಡಿದರು; ಮಳೆ ಸುರಿದು ಸುರಂಗ ಕುಸಿಯಿತು; ದಂಡು ಹಿಂತಿರುಗಿತು.

ಕೋಟೆ ಉಳಿದ ಮೇಲೆ ಬೂನನ ಮೇಲೆ ಸೈನಿಕ ನ್ಯಾಯವಿಚಾರಣೆ ನಡೆಯಿತು. ಶತ್ರುವಿನೊಡನೆ ಕೂಡಿಕೊಂಡನು, ಜನರನ್ನು ಒಪ್ಪಿಸಿಕೊಟ್ಟನು ಎಂಬುದು ಆಪಾದನೆ. ಆಪಾದಿಸಿದವರಲ್ಲಿ ಒಬ್ಬನು ಕರ್ನಲ್ ಕ್ಯಾಲವೇ. ಎರಡು ವರ್ಷಗಳ ಹಿಂದೆ ಯಾರ ಹೆಣ್ಣುಮಕ್ಕಳು ಜೆಮೈಮಳೊಡನೆ ಸೆರೆಯಾಗಿದ್ದರೋ ಅವನೇ! ಉಪ್ಪು ಕಾಯಿಸಲು ಹೋಗಿ ಸೆರೆಯಾದವರಲ್ಲಿ ಅವನ ಬಂಧುಗಳಿದ್ದರು. ಕೆಲವರು ವರ್ಷಗಟ್ಟಲೆ ಬಂದಿರಲಿಲ್ಲ. ವಿಚಾರಣೆಯಲ್ಲಿ ಬೂನನು ನಿರ್ದೋಷಿಯೆಂದು ತೀರ್ಮಾನವಾಗಿ, ಮೇಜರ್ ಪದವಿಯೂ ಅವನಿಗೆ ದೊರಕಿತು. ಆದರೂ ಅವನು ಆ ವಿಷಯವನ್ನು ಬಾಯಿಬಿಟ್ಟು ಹೇಳಲಿಲ್ಲ. ಅವನ ಪ್ರಸಿದ್ಧ ಚರಿತ್ರೆಯಲ್ಲಿ ಇದರ ಸುಳಿವೇ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಅವನ ಬುದ್ಧಿಯೂ ಧೈರ್ಯವೂ ಅತಿ ಹೆಚ್ಚಾಗಿ ಕಂಡುಬಂದ ಪ್ರಕರಣವೇ ಇದು. ಕಥೆಗಾರರು ಬಿಟ್ಟುಬಿಟ್ಟುದೂ ಇದನ್ನೇ. ದತ್ತು ತೆಗೆದುಕೊಂಡ ತಂದೆಗೆ ಬೂನನು ಹೀಗೆ ಮಾಡಿದುದು ಸರಿಯೇ ಎಂದು ಒಂದು ವರ್ಷ ನಮ್ಮ ತರಗತಿಯಲ್ಲಿ ವಾದವೆದ್ದು, ಗಂಟೆ ಹೊಡೆದರೂ ನಿಲ್ಲಲಿಲ್ಲ.

ಮುಂದಿನ ಯುದ್ಧಗಳನ್ನು ಬೇಗ ದಾಟುತ್ತೇವೆ. 1782ರ ಆಗಸ್ಟಿನಲ್ಲಿ ರೆಬೆಕ್ಕಳ ತವರಿನವರು ಕಟ್ಟಿದ ಬ್ರಯನ್ ಠಾಣೆಗೆ ಮುತ್ತಿಗೆಯಾದಾಗ, ಶತ್ರುಗಳು ಅಡಗಿರುವುದನ್ನು ತಿಳಿದೂ ಹೆಂಗಸರೂ ಹುಡುಗಿಯರೂ ಏನೂ ಅರಿಯದವರಂತೆ ಹೊರಗಿನ ಬುಗ್ಗೆಗೆ ಹೋಗಿ ನೀರು ತಂದರೆಂಬ ಕಥೆಯುಂಟು. 1896ರಲ್ಲಿ ಅವರ ಸ್ಮರಣೆಗಾಗಿ ಆ ಬುಗ್ಗೆಯ ಬಳಿ ಕಲ್ಲಿನ ಕಟ್ಟೆ ಕಟ್ಟಿದರು. ಅದೇ ತಿಂಗಳ 19ರಂದು ಬ್ಲೂ ಲಿಕ್ಸಿನ ಕದನದಲ್ಲಿ ಸುಮಾರು 70 ಮಂದಿ ಕೆಂಟಕಿಯವರು ಸತ್ತರು. ಬೂನನ ಮಗ ಇಸ್ರೇಲನು ಅವನ ಕಣ್ಣೆದುರಿಗೆ ಬಿದ್ದನು.

ಹಾಗಾದರೆ ಐತಿಹ್ಯ ಹುಟ್ಟಿದುದು ಹೇಗೆ? ಅದರ ಹುಟ್ಟಿದ ವರ್ಷವನ್ನೇ ಹೇಳಬಹುದು: 1784. ಜಾನ್ ಫಿಲ್ಸನ್ ಎಂಬ ಉಪಾಧ್ಯಾಯನು ಕೆಂಟಕಿಯಲ್ಲಿ ಸಾವಿರಾರು ಎಕರೆ ಭೂಮಿಗೆ ಹಕ್ಕು ಪಡೆದು, ಕೊಳ್ಳುವವರು ಬರಲೆಂದು ಆ ನಾಡಿನ ವರ್ಣನೆಯ ಪುಸ್ತಕವೊಂದನ್ನು ಬರೆದನು. ಅದಕ್ಕೆ ಅನುಬಂಧವಾಗಿ ಬೂನನೇ ತನ್ನ ಕಥೆಯನ್ನು ಹೇಳುವಂತೆ ಒಂದು ಭಾಗವನ್ನು ಸೇರಿಸಿದನು. ಸಂಗತಿಗಳು ಬೂನನವು, ಮಾತುಗಳು ಮಾತ್ರ ಫಿಲ್ಸನನವು. ಕಾಗುಣಿತವೇ ಸರಿಯಾಗಿ ಬಾರದ ಬೇಟೆಗಾರನು ಅಲ್ಲಿ ತತ್ತ್ವಜ್ಞಾನಿಯಂತೆ ಅಲಂಕಾರಗಳನ್ನು ಸುರಿಸುತ್ತಾನೆ. ನಮ್ಮ ವೃತ್ತಿಯವನೊಬ್ಬನು ಮಾಡಿದ ಕೆಲಸವೆಂದು ನಾವು ಸ್ವಲ್ಪ ಸಂಕೋಚಪಡಬೇಕಾಗಿದೆ. ಭೂಮಿ ಮಾರುವುದಕ್ಕೆ ಬರೆದ ಆ ಪುಸ್ತಕ ಮರುವರ್ಷವೇ ಫ್ರೆಂಚ್, ಜರ್ಮನ್ ಭಾಷೆಗಳಿಗೆ ಪರಿವರ್ತನವಾಯಿತು. 1823ರಲ್ಲಿ ಲಾರ್ಡ್ ಬೈರನನು ತನ್ನ ‘ಡಾನ್ ಜುವಾನ್’ ಕಾವ್ಯದಲ್ಲಿ ಬೂನನನ್ನು ಹೊಗಳಿದನು. ವಾಷಿಂಗ್‌ಟನ್ನಿನ ಶಾಸನಸಭಾಭವನದ ಗೋಡೆಯ ಮೇಲೆ ಬೂನನು ಮೂಲನಿವಾಸಿಗಳೊಡನೆ ಕಾದಾಡುವ ಶಿಲ್ಪವನ್ನು ಕೆತ್ತಿದರು. ನೂರಾರು ಜನರನ್ನು ಕೊಂದ ವೀರನೆಂದು ಕಥೆ ಬೆಳೆಯಿತು. ಆದರೆ ಬೂನನು ಮುಪ್ಪಿನಲ್ಲಿ, ತಾನು ಕೊಂದುದು ಬೆರಳಲ್ಲಿ ಎಣಿಸುವಷ್ಟನ್ನೂ ಮುಟ್ಟದೆಂದು ಹೇಳುತ್ತಿದ್ದನು. ಮರಗಳ ಮೇಲೆ ಅವನ ಹೆಸರನ್ನು ಕೆತ್ತಿದ ಗುರುತುಗಳು ಊರೂರಿನಲ್ಲಿ ‘ಸಿಕ್ಕಿದುವು’. ಅವುಗಳಲ್ಲಿ ಅನೇಕದರಲ್ಲಿ ಅವನ ಹೆಸರಿನ ಕಡೆಯ ಅಕ್ಷರವೇ ಇಲ್ಲ. ಕಾಗುಣಿತ ಎಷ್ಟೇ ಕೆಟ್ಟಿದ್ದರೂ ಬೂನನು ತನ್ನ ಹೆಸರನ್ನು ಆ ಅಕ್ಷರ ಬಿಡದೆ ಬರೆಯುತ್ತಿದ್ದನು! 1964ರಲ್ಲಿ ಆರಂಭವಾದ ಟೆಲಿವಿಷನ್ ಕಥಾಮಾಲೆಯು ಅವನ ತಲೆಗೆ ಬಾಲವುಳ್ಳ ತುಪ್ಪಳದ ಟೊಪ್ಪಿಗೆಯನ್ನು ಇಟ್ಟಿತು. ನಿಜವಾಗಿ ಅವನಿಗೆ ಆ ಟೊಪ್ಪಿಗೆ ಸೇರುತ್ತಿರಲಿಲ್ಲ. ಅವನು ಧರಿಸುತ್ತಿದ್ದುದು ಕ್ವೇಕರರಂತೆ ಅಗಲ ಅಂಚಿನ ಟೋಪಿ.

ನೆರೆಯವರ ಹೊಗೆ ಕಂಡರೆ ಸಾಕು, ಜಾಗ ಸಾಲದೆಂದು ಮುಂದೆ ಹೋಗುತ್ತಿದ್ದನೆಂಬುದು ಮತ್ತೊಂದು ಕಥೆ. ಅವನು ಮುಂದೆ ಮುಂದೆ ಹೋದುದು ಹೌದು, ಕಾರಣ ಬೇರೆ. ಆ ಕಾಲದ ವರ್ಜೀನಿಯದ ಭೂಕಾನೂನಿನಲ್ಲಿ ಸರ್ಕಾರ ಮೊದಲು ಅಳೆದು ಕೊಡುವ ಪದ್ಧತಿಯಿರಲಿಲ್ಲ. ಕೊಂಡವನೇ ಮರ, ಬಂಡೆ, ಹಳ್ಳಗಳ ಗುರುತಿನಿಂದ ಎಲ್ಲೆ ಹೇಳಿ, ಅಳತೆ ಮಾಡಿಸಿ, ದಾಖಲೆಗೆ ಹಾಕಿಸಬೇಕು. ಹೀಗಾಗಿ ಒಂದೇ ನೆಲದ ಮೇಲೆ ಮೂರು ನಾಲ್ಕು ಹಕ್ಕುಗಳು ಹೆಂಚಿನ ಮೇಲೆ ಹೆಂಚಿಟ್ಟಂತೆ ಬಿದ್ದುವು. ಬೂನನು ಸಾವಿರಾರು ಎಕರೆಗೆ ಹಕ್ಕು ಹಾಕಿದನು, ಇತರರಿಗೂ ಅಳೆದುಕೊಟ್ಟನು; ಆದರೆ ಕಾಗದವನ್ನು ಪೂರ್ಣಮಾಡುವ ತಾಳ್ಮೆ ಅವನಲ್ಲಿರಲಿಲ್ಲ. ವ್ಯಾಜ್ಯಗಳ ಮೇಲೆ ವ್ಯಾಜ್ಯಗಳಾಗಿ ಎಲ್ಲವೂ ಕೈಬಿಟ್ಟಿತು. 1798ರಲ್ಲಿ ಕೆಂಟಕಿಯ ಜಿಲ್ಲೆಯೊಂದಕ್ಕೆ ಬೂನನ ಹೆಸರನ್ನಿಟ್ಟರು. ಅದೇ ವರ್ಷ ಸಾಕ್ಷಿಗೆ ಬಾರದುದಕ್ಕಾಗಿ ಅವನನ್ನು ಹಿಡಿಯಲು ನ್ಯಾಯಸ್ಥಾನದ ವಾರಂಟೂ ಹೊರಟಿತು. ಹಣವಿದ್ದ ಕಾಲದಲ್ಲಿ ಅವನು ಮನುಷ್ಯರನ್ನೂ ಆಸ್ತಿಯಾಗಿ ಇಟ್ಟುಕೊಂಡಿದ್ದನೆಂಬುದನ್ನು ಮರೆಮಾಡತಕ್ಕದ್ದಲ್ಲ. 1787ರ ತೆರಿಗೆಯ ಲೆಕ್ಕದಲ್ಲಿ ಅವನ ಹೆಸರಿನಲ್ಲಿ ಏಳು ಮಂದಿ ಗುಲಾಮರು ಕಾಣುತ್ತಾರೆ. ಅವರ ಜೀವನಚರಿತ್ರೆಯನ್ನು ಯಾವ ಫಿಲ್ಸನನೂ ಬರೆಯಲಿಲ್ಲ.

ರೆಬೆಕ್ಕಳ ಚರಿತ್ರೆಯನ್ನೂ ಯಾರೂ ಬರೆಯಲಿಲ್ಲ. 1757ರಿಂದ 1781ರವರೆಗೆ ಹತ್ತು ಮಕ್ಕಳನ್ನು ಹೆತ್ತಳು. ಬಂಧುಗಳ ತಬ್ಬಲಿ ಮಕ್ಕಳನ್ನೂ ಸಾಕಿದಳು. ಗಂಡನು ಎರಡು ವರ್ಷ ಕಾಡಿನಲ್ಲಿದ್ದಾಗ ಹೊಲ, ದನ, ನೂಲು, ನೇಯ್ಗೆ, ಸಾಲಗಾರರು ಎಲ್ಲವನ್ನೂ ಎದುರಿಸಿದವಳು ಅವಳು. ಮೂರು ಗಂಡುಮಕ್ಕಳನ್ನೂ ಮೂರು ಹೆಣ್ಣುಮಕ್ಕಳನ್ನೂ ತನ್ನ ಕಣ್ಣೆದುರಿಗೇ ಕಳೆದುಕೊಂಡಳು. ಗಂಡನ ಸಾಹಸಗಳು ಪುಸ್ತಕವಾದಾಗ ಅದರಲ್ಲಿ ಅವಳು ‘ನನ್ನ ಹೆಂಡತಿ’ ಎಂದಷ್ಟೇ ಬಂದಳು. ಬೂನನನ್ನು ಮನೆಬಿಟ್ಟ ಒಂಟಿ ಅಲೆಮಾರಿಯೆಂದು ಐತಿಹ್ಯ ಹೇಳುತ್ತದೆ. ಆದರೆ ಅವನು ಎಲ್ಲಿ ನೆಲೆಸಿದರೂ ಮಕ್ಕಳು, ಅಳಿಯಂದಿರು, ತಮ್ಮಂದಿರು, ಹೆಂಡತಿಯ ತವರಿನವರು ಎಂದು ದೊಡ್ಡ ಬಳಗವೇ ಸುತ್ತ ಇರುತ್ತಿದ್ದಿತು. ಆ ಬಳಗದ ಒಲೆ ಆರದಂತೆ ನೋಡಿಕೊಂಡವಳು ರೆಬೆಕ್ಕ.

1799ರಲ್ಲಿ, ಅರವತ್ತೈದರ ವಯಸ್ಸಿನಲ್ಲಿ, ಬೂನನು ಬಳಗದೊಡನೆ ಮಿಸೂರಿಗೆ ಹೋದನು. ಅದು ಆಗ ಸ್ಪೇಯಿನಿನ ಆಳಿಕೆಯಲ್ಲಿದ್ದಿತು. ಸ್ಪೇಯಿನಿನ ಅಧಿಕಾರಿಗಳು ಅವನಿಗೆ ಸುಮಾರು 850 ಎಕರೆ ಭೂಮಿಯನ್ನೂ ನ್ಯಾಯ ತೀರಿಸುವ ಅಧಿಕಾರವನ್ನೂ ಕೊಟ್ಟರು. 1803ರಲ್ಲಿ ಆ ಸೀಮೆ ಅಮೆರಿಕಕ್ಕೆ ಸೇರಿತು. ಕಾಗದ ಪೂರ್ಣವಾಗಿರಲಿಲ್ಲವಾದುದರಿಂದ ಆ ಭೂಮಿಯೂ ಹೋಯಿತು! 1814ರಲ್ಲಿ ಕಾಂಗ್ರೆಸ್ ಸಭೆಯು ಅದನ್ನು ಮರಳಿ ಕೊಟ್ಟಾಗ ಅವನು ಅದನ್ನು ಮಾರಿ ಕೆಂಟಕಿಯ ಹಳೆಯ ಸಾಲಗಳಿಗೆ ಕೊಟ್ಟನು. ಮಿಸೂರಿಯಲ್ಲಿ ಒಂದು ಅಪೂರ್ವ ಸಂಗತಿ ನಡೆಯಿತು. ನೆಲ ಕಳೆದುಕೊಂಡ ಶಾನೀ ಜನರಲ್ಲಿ ಕೆಲವರು ಪಶ್ಚಿಮಕ್ಕೆ ಸರಿದು ಅಲ್ಲಿಗೇ ಬಂದಿದ್ದರು. ಒಮ್ಮೆ ಅವನನ್ನು ಸೆರೆಹಿಡಿದವರೂ ಅವನೂ ಮುದುಕರಾಗಿ ಕೂಡಿ ಕುಳಿತು ಹಳೆಯ ದಿನಗಳನ್ನು ಮಾತಾಡಿದರು.

1813ನೆಯ ಮಾರ್ಚಿಯಲ್ಲಿ ಮೇಪಲ್ ಮರದ ರಸದಿಂದ ಸಕ್ಕರೆ ಕಾಯಿಸುವ ಕೆಲಸದಲ್ಲಿದ್ದಾಗ ರೆಬೆಕ್ಕಳಿಗೆ ಕಾಯಿಲೆಯಾಯಿತು. 18ರಂದು ಜೆಮೈಮಳ ಮನೆಯಲ್ಲಿ ತೀರಿಕೊಂಡಳು. ಐವತ್ತಾರು ವರ್ಷದ ಸಂಸಾರ ಮುಗಿಯಿತು.

ಮೂರು ವರ್ಷಗಳ ಮೇಲೆ, 1816ರಲ್ಲಿ, ಬೂನನು ಒಂದು ಕಾಗದ ಬರೆದನು. ಬರೆದುದು ಅವನ ಅತ್ತಿಗೆ ಸಾರಾಳಿಗೆ. ಎಳೆಯನಾಗಿದ್ದಾಗ ಅವನಿಗೆ ಅಕ್ಷರ ಕಲಿಸಿದ ಆ ಸಾರಾಳಿಗೇ. ಯಾವ ಸಭೆಗೂ ಸೇರದ ಅವನು ತನ್ನ ನಂಬಿಕೆಯನ್ನು ಅದರಲ್ಲಿ ತಿಳಿಸಿದ್ದಾನೆ: ದೇವರನ್ನು ಪ್ರೀತಿಸಿ ಭಯಪಡುವುದು, ಯೇಸು ಕ್ರಿಸ್ತನನ್ನು ನಂಬುವುದು, ನೆರೆಯವನಿಗೆ ಕೈಲಾದಷ್ಟು ಒಳ್ಳೆಯದನ್ನೂ ಕೈಲಾದಷ್ಟು ಕಡಿಮೆ ಕೆಡುಕನ್ನೂ ಮಾಡುವುದು, ಉಳಿದುದನ್ನು ದೇವರ ಕರುಣೆಗೆ ಬಿಡುವುದು. ಕಾಗುಣಿತ ಇನ್ನೂ ತಿದ್ದಿರಲಿಲ್ಲ. ತನ್ನ ಶಿಷ್ಯನ ಕಾಗದವನ್ನು ಆ ಮುದುಕಿ ಹೇಗೆ ಓದಿಕೊಂಡಳೆಂಬುದನ್ನು ಉಪಾಧ್ಯಾಯಿನಿಯರಾದ ನಾವು ಊಹಿಸಿಕೊಳ್ಳಬಲ್ಲೆವು.

1820ರಲ್ಲಿ ಚೆಸ್ಟರ್ ಹಾರ್ಡಿಂಗ್ ಎಂಬ ಚಿತ್ರಕಾರನು ಬಂದು ಅವನ ಚಿತ್ರವನ್ನು ಬರೆದನು. ಅವನನ್ನು ಎದುರಿಗೆ ಕೂರಿಸಿ ಬರೆದ ಚಿತ್ರ ಅದೊಂದೇ. ಅದರಲ್ಲಿ ವೀರಾವೇಶವಿಲ್ಲ, ನರೆಗೂದಲಿನ, ಕೆನ್ನೆ ಬತ್ತಿದ, ದಣಿದ ಮುದುಕನಿದ್ದಾನೆ. ಅದೇ ವರ್ಷ ಸೆಪ್ಟೆಂಬರ್ 26ರಂದು ಮಗ ನೇತನನ ಮನೆಯಲ್ಲಿ ಬೂನನು ಸತ್ತನು, ವಯಸ್ಸು ಎಂಬತ್ತೈದು. ಅವನನ್ನು ರೆಬೆಕ್ಕಳ ಪಕ್ಕದಲ್ಲಿ ಹೂಳಿದರು.

1845ರಲ್ಲಿ ಕೆಂಟಕಿಯವರು ಬಂದು ಇಬ್ಬರ ಎಲುಬುಗಳನ್ನೂ ಅಗೆದು ತಮ್ಮ ರಾಜಧಾನಿ ಫ್ರಾಂಕ್‌ಫರ್ಟಿಗೆ ಒಯ್ದು ಮೆರವಣಿಗೆಯಲ್ಲಿ ಹೂಳಿದರು. ಅವರು ಒಯ್ದುದು ಬೇರೆ ಯಾರದೋ ಎಲುಬು, ಬೂನನು ಇನ್ನೂ ನಮ್ಮಲ್ಲಿಯೇ ಇದ್ದಾನೆ ಎಂದು ಮಿಸೂರಿಯವರ ವಾದ. ಆಗ ತೆಗೆದಿದ್ದ ತಲೆಬುರುಡೆಯ ಅಚ್ಚನ್ನು 1983ರಲ್ಲಿ ಶಾಸ್ತ್ರಜ್ಞನೊಬ್ಬನು ಪರೀಕ್ಷಿಸಿ, ಅದು ಆಫ್ರಿಕ ಮೂಲದವನದಿರಬಹುದೆಂದನು. ಇತರರು ಅದನ್ನು ಒಪ್ಪಲಿಲ್ಲ. ವಾದವಿನ್ನೂ ತೀರಿಲ್ಲ, ಎರಡು ಕಡೆಯೂ ಸಮಾಧಿಗಳಿವೆ. ಫ್ರಾಂಕ್‌ಫರ್ಟಿನ ಸ್ಮಾರಕಸ್ತಂಭದ ನಾಲ್ಕು ಮುಖಗಳಲ್ಲಿಯೂ ಅಮೃತಶಿಲೆಯ ಕೆತ್ತನೆಗಳಿವೆ. ಮೂರರಲ್ಲಿ ಬೂನನ ಸಾಹಸಜೀವನ. ನಾಲ್ಕನೆಯದರಲ್ಲಿ ರೆಬೆಕ್ಕಳು ಕುಳಿತು ಹಸುವಿನ ಹಾಲು ಕರೆಯುತ್ತಿದ್ದಾಳೆ.